ಪರದೆ ಹಂಚಿಕೆಯಲ್ಲಿ ಪಾಠಭೇದ: ಗುಂಪು ವೀಕ್ಷಣೆಯ ದೋಷಗಳನ್ನು ಪತ್ತೆಹಚ್ಚುವ ಕ್ರಮ

ಕಾಲೇಜು ವಿಭಾಗಗಳ ನಿತ್ಯವ್ಯವಹಾರವು ಈಗ ಬಹುಮಟ್ಟಿಗೆ ಕಾರ್ಯಾಲಯದ ಸಂದೇಶ ತಂತ್ರಾಂಶಗಳ ಮೂಲಕವೇ ಸಾಗುತ್ತಿರುವುದು ವಾಚಕರಿಗೆ ತಿಳಿದ ವಿಷಯವಾಗಿದೆ. ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್ ಮುಂತಾದ ಇವುಗಳಲ್ಲಿ ಪತ್ರ, ಸಂಭಾಷಣೆ, ಸಭೆ ಮೂರೂ ಒಂದೆಡೆ ಸೇರಿವೆ. ಇವು ಒದಗಿಸುವ ಸೌಕರ್ಯಗಳಲ್ಲಿ ನಮ್ಮಂತಹ ಅಧ್ಯಾಪಕರಿಗೆ ಹೆಚ್ಚು ಪ್ರಯೋಜನಕಾರಿಯಾದುದು ಪರದೆ ಹಂಚಿಕೆ. ರೂಢಿಯ ಮಾತಿನಲ್ಲಿ ಸ್ಕ್ರೀನ್ ಶೇರ್. ಒಬ್ಬರ ಕಂಪ್ಯೂಟರಿನ ಪರದೆಯ ಮೇಲಿರುವ ಪುಟವನ್ನು ಬೇರೆ ಬೇರೆ ಊರುಗಳಲ್ಲಿರುವ ಹತ್ತಾರು ಮಂದಿ ಅದೇ ಕ್ಷಣದಲ್ಲಿ ನೋಡಬಹುದು. ಇಬ್ಬರ ನಡುವೆ ಸಾಮಾನ್ಯವಾಗಿ ಸರಾಗವಾಗಿ ನಡೆಯುವ ಈ ಕಾರ್ಯವು ಗುಂಪಿನಲ್ಲಿ ಮಾತ್ರ ಆಗಾಗ ಕೆಡುವುದುಂಟು. ಕೆಲವರಿಗೆ ಬರಿಯ ಕಪ್ಪು ಕಾಣುತ್ತದೆ. ಕೆಲವರಿಗೆ ಹಿಂದಿನ ಪುಟವೇ ನಿಂತಿರುತ್ತದೆ. ಮತ್ತೆ ಕೆಲವರಿಗೆ ಚಿತ್ರವು ಬಂದರೂ ಅಕ್ಷರಗಳು ಕಲಸಿಹೋಗಿರುತ್ತವೆ. ಈ ಕಡೆಯ ದೋಷವು ನೋಡುವವರ ಗಮನಕ್ಕೇ ಬಾರದೆ ಉಳಿಯುವುದರಿಂದ ಅದು ಉಳಿದೆರಡಕ್ಕಿಂತ ಅಪಾಯಕರವಾದುದು.

ಯಂತ್ರಶಾಸ್ತ್ರದ ಈ ವಿಷಯವನ್ನು ಇತಿಹಾಸ ವಿಭಾಗದವರಾದ ನಾವು ಕೈಗೆತ್ತಿಕೊಂಡುದಕ್ಕೆ ಒಂದು ಕಾರಣವಿದೆ. ನಮ್ಮ ವಾರದ ಓದಿನ ಗೋಷ್ಠಿಯಲ್ಲಿ ಒಮ್ಮೆ ಹಳೆಯ ಕೈಬರಹದ ನಕಲು ಪುಸ್ತಕವೊಂದನ್ನು ಪರದೆಯ ಮೇಲೆ ತೋರಿಸಿ ಓದುತ್ತಿದ್ದೆವು. ಗ್ರಾಮವೊಂದರ ವೀರಗಲ್ಲುಗಳ ಪಾಠವನ್ನು ಹಿಂದಿನ ತಲೆಮಾರಿನ ಶಾಲಾ ಉಪಾಧ್ಯಾಯರೊಬ್ಬರು ನೀಲಿ ಮಸಿಯಲ್ಲಿ ಬರೆದಿಟ್ಟ ಪುಸ್ತಕವದು. ಕಾಗದವು ಕಂದಿತ್ತು, ಮಸಿಯೂ ಮಾಸಿತ್ತು. ಒಂದು ಶಾಸನದ ಶಕವರ್ಷವನ್ನು ತನ್ನ ಊರಿನಿಂದ ಮೊಬೈಲಿನಲ್ಲಿ ಸೇರಿದ್ದ ವಿದ್ಯಾರ್ಥಿನಿಯೊಬ್ಬಳು ೧೧೨೯ ಎಂದು ಬರೆದುಕೊಂಡಳು. ೭೮ನ್ನು ಕೂಡಿ ಕ್ರಿ.ಶ. ೧೨೦೭ ಎಂದು ತನ್ನ ಪ್ರಬಂಧದಲ್ಲಿ ಸೇರಿಸಿದಳು. ಪ್ರಬಂಧವನ್ನು ತಿದ್ದುವಾಗ ನಮಗೆ ಸಂಶಯ ಹುಟ್ಟಿತು. ಅದೇ ಶಾಸನದ ಮುಂದಿನ ಸಾಲಿನಲ್ಲಿ ಸಂವತ್ಸರದ ಹೆಸರು ರಕ್ತಾಕ್ಷಿ ಎಂದಿದೆ. ಶಕ ೧೧೨೯ ಪ್ರಭವ ಸಂವತ್ಸರ; ರಕ್ತಾಕ್ಷಿಯಾಗಬೇಕಾದರೆ ೧೧೨೬ ಇರಬೇಕು. ಪುಸ್ತಕವನ್ನು ತೆರೆದು ನೋಡಲಾಗಿ ಅಲ್ಲಿ ಇದ್ದುದು ೬ ಎಂಬ ಅಂಕೆಯೇ. ಅಜಾಗರೂಕತೆಗಾಗಿ ಆಕೆಯನ್ನು ನಾವು ಎಲ್ಲರೆದುರು ಆಕ್ಷೇಪಿಸಿದೆವು. "ಸರ್, ನನಗೆ ಹಾಗೆಯೇ ಕಂಡಿತು" ಎಂದಷ್ಟೇ ಆಕೆ ಹೇಳಿದಳು. ಆ ಮಾತನ್ನು ನಾವು ಅಂದು ಸಮರ್ಥನೆಯೆಂದು ಎಣಿಸಿದೆವೇ ಹೊರತು ಸಾಕ್ಷ್ಯವೆಂದು ಎಣಿಸಲಿಲ್ಲ.

ಒಂದು ವಾರದ ತರುವಾಯ ಆಕೆ ಗೋಷ್ಠಿಯ ವೇಳೆಯಲ್ಲಿ ತನ್ನ ಮೊಬೈಲಿನಲ್ಲಿ ತೆಗೆದಿರಿಸಿದ್ದ ಸ್ಕ್ರೀನ್‌ಶಾಟನ್ನು ಕಳುಹಿಸಿದಳು. ಅದರಲ್ಲಿ ಯಾರೇ ಓದಿದರೂ ೯ ಎಂದೇ ಓದುವಂತಿತ್ತು. ಅದೇ ಪುಟ, ಅದೇ ಗಳಿಗೆ, ಅದೇ ಸಭೆ. ನಮಗೆ ಒಂದು ಪಾಠ, ಆಕೆಗೆ ಇನ್ನೊಂದು.

ಇದು ಹೇಗೆ ಸಾಧ್ಯ? ಪರದೆ ಹಂಚಿಕೆಯೆಂದರೆ ಒಂದೇ ಚಿತ್ರವನ್ನು ಎಲ್ಲರೂ ನೋಡುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಈ ತಿಳಿವಳಿಕೆಯೇ ಸರಿಯಲ್ಲ. ನೋಡುವ ಪ್ರತಿಯೊಬ್ಬನಿಗೂ ಒಂದೊಂದು ಪ್ರತಿ ಸಿದ್ಧವಾಗುತ್ತದೆ. ಪ್ರತಿಗಳು ತಯಾರಾಗುವಲ್ಲಿ ದೋಷಗಳು ನುಸುಳುತ್ತವೆ. ಓಲೆಗರಿಯ ಗ್ರಂಥಗಳ ಪಾಠಪರಿಷ್ಕರಣವನ್ನು ಬಲ್ಲವರಿಗೆ ಈ ಸ್ಥಿತಿಯು ಪರಿಚಿತವಾದುದೇ. ಹಲವು ಪ್ರತಿಗಳಲ್ಲಿ ಒಂದೇ ತಪ್ಪು ಸಮಾನವಾಗಿ ಕಂಡುಬಂದರೆ ಅವುಗಳೆಲ್ಲಕ್ಕೂ ಮೂಲವಾದ ಒಂದು ಪ್ರತಿಯಲ್ಲಿ ಆ ತಪ್ಪು ಇದ್ದಿರಬೇಕೆಂದು ಸಂಪಾದಕನು ಊಹಿಸುತ್ತಾನೆ. ಒಂದೇ ಪ್ರತಿಯಲ್ಲಿರುವ ತಪ್ಪನ್ನು ಆ ಪ್ರತಿಯ ಲಿಪಿಕಾರನಿಗೆ ಆರೋಪಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಕಾರ್ಲ್ ಲಾಖ್‌ಮನ್ನನ ಹೆಸರಿನೊಡನೆ ಸೇರಿಬಂದಿರುವ ಈ ಕ್ರಮವು ಕನ್ನಡದ ಗ್ರಂಥಸಂಪಾದಕರಿಗೆ ಹೊಸದಲ್ಲ. ಪರದೆ ಹಂಚಿಕೆಯ ದೋಷವನ್ನು ಹುಡುಕುವುದಕ್ಕೂ ಇದಕ್ಕಿಂತ ಸುಲಭವಾದ ದಾರಿಯನ್ನು ನಾವು ಕಾಣೆವು.

ಮೊದಲು ಚಿತ್ರವು ಸಾಗುವ ಹಾದಿಯನ್ನು ತಿಳಿಯಬೇಕು. ಈ ಸೌಕರ್ಯದ ಪೂರ್ವೇತಿಹಾಸದಲ್ಲಿ ೧೯೬೮ನೆಯ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ನಡೆಸಿದ ಪ್ರದರ್ಶನವು ಪ್ರಸಿದ್ಧವಾಗಿದೆ. ಸುಮಾರು ೪೮ ಕಿಲೋಮೀಟರ್ ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್‌ರ ಮುಖವು ಪರದೆಯ ಒಂದು ಭಾಗದಲ್ಲಿ ಕಾಣಿಸುತ್ತಿರಲು, ಇಬ್ಬರೂ ಒಂದೇ ಬರಹವನ್ನು ನೋಡುತ್ತ ಮಾತನಾಡಿದರು. ಅಲ್ಲಿ ಚಿತ್ರವು ಮೈಕ್ರೋವೇವ್ ಮಾರ್ಗದಲ್ಲಿ ದೂರದರ್ಶನದ ಚಿತ್ರದಂತೆಯೇ ಹರಿದು ಬಂದಿತು. ಅಷ್ಟು ಅಗಲವಾದ ದಾರಿಯನ್ನು ಆ ಒಂದು ಕಾರ್ಯಕ್ಕಾಗಿಯೇ ಏರ್ಪಡಿಸಿದ್ದರು. ಇಂದು ಅದೇ ಕೆಲಸವನ್ನು ಸಾವಿರಾರು ಮಂದಿ ಹಂಚಿಕೊಂಡಿರುವ ಅಂತರ್ಜಾಲದ ಮಾರ್ಗದಲ್ಲಿ ಸಾಗಿಸಬೇಕಾಗಿದೆ. ಸ್ಕ್ರೀನ್‌ಹೀರೋ ಎಂಬ ಸಂಸ್ಥೆಯನ್ನು ೨೦೧೫ರಲ್ಲಿ ಕೊಂಡ ಸ್ಲ್ಯಾಕ್ ೨೦೧೭ರಲ್ಲಿ ತನ್ನ ಕರೆಗಳಲ್ಲಿ ಪರದೆ ಹಂಚಿಕೆಯನ್ನು ಸೇರಿಸಿತು. ಟೀಮ್ಸ್ ಬಳಕೆಗೆ ಬಂದುದೂ ೨೦೧೭ರಲ್ಲಿಯೇ. ೨೦೨೦ರ ಮಹಾಮಾರಿಯ ಕಾಲದಲ್ಲಿ ಇವು ತರಗತಿಗಳಿಗೂ ಸಂಶೋಧನಗೋಷ್ಠಿಗಳಿಗೂ ಅನಿವಾರ್ಯವಾದ ಸಂಗತಿಯನ್ನು ವಿವರಿಸಬೇಕಾಗಿಲ್ಲ.

ಪ್ರದರ್ಶಕನ ಕಂಪ್ಯೂಟರು ಪರದೆಯ ಚಿತ್ರವನ್ನು ಸೆಕೆಂಡಿಗೆ ಹಲವು ಬಾರಿ ಸೆರೆಹಿಡಿಯುತ್ತದೆ. ಅದನ್ನು ಸಂಕೋಚಿಸಿ, ಅಂದರೆ ಕಡಮೆ ಅಳತೆಗೆ ಅಡಕಗೊಳಿಸಿ, ಸರ್ವರಿಗೆ ಕಳುಹಿಸುತ್ತದೆ. ಸರ್ವರು ವೀಕ್ಷಕರಿಗೆ ಹಂಚುತ್ತದೆ. ವೀಕ್ಷಕನ ಯಂತ್ರವು ಅದನ್ನು ಬಿಡಿಸಿ ತೋರಿಸುತ್ತದೆ. ಇಬ್ಬರೇ ಇದ್ದಾಗ ಸರ್ವರಿನ ಹಂಗಿಲ್ಲದೆ ಯಂತ್ರದಿಂದ ಯಂತ್ರಕ್ಕೆ ನೇರವಾಗಿ ಕಳುಹಿಸುವ ಏರ್ಪಾಡು ಹಲವು ತಂತ್ರಾಂಶಗಳಲ್ಲಿದೆ. ಆದರೆ ಹನ್ನೊಂದು ಮಂದಿಯ ಗೋಷ್ಠಿಯಲ್ಲಿ ಪ್ರದರ್ಶಕನೇ ಹತ್ತು ಪ್ರತಿಗಳನ್ನು ಕಳುಹಿಸಬೇಕಾದರೆ ಆತನ ಸಂಪರ್ಕವು ತಡೆಯಲಾರದು. ಆದುದರಿಂದ ಗುಂಪಿನಲ್ಲಿ ಪ್ರತಿಯು ಸರ್ವರಿನವರೆಗೆ ಒಂದೇ ದಾರಿಯಲ್ಲಿ ಹೋಗಿ ಅಲ್ಲಿಂದ ಕವಲೊಡೆಯುತ್ತದೆ. ಇದರ ಜೊತೆಗೆ ಇನ್ನೊಂದು ಉಪಾಯವೂ ಉಂಟು. ಪ್ರದರ್ಶಕನ ಯಂತ್ರವು ಒಂದೇ ಚಿತ್ರವನ್ನು ಸ್ಫುಟವಾಗಿ ಒಂದು, ಒರಟಾಗಿ ಒಂದು ಎಂದು ಎರಡು ಮೂರು ಮಟ್ಟಗಳಲ್ಲಿ ಸಿದ್ಧಪಡಿಸಿ ಕಳುಹಿಸುತ್ತದೆ. ಒಳ್ಳೆಯ ಸಂಪರ್ಕವಿರುವವರಿಗೆ ಮೊದಲನೆಯದನ್ನೂ ದುರ್ಬಲ ಸಂಪರ್ಕದವರಿಗೆ ಎರಡನೆಯದನ್ನೂ ಸರ್ವರು ಕೊಡುತ್ತದೆ. ಗ್ರಂಥಸಂಪಾದಕರ ಭಾಷೆಯಲ್ಲಿ ಹೇಳುವುದಾದರೆ ಒಂದೇ ಮೂಲಕ್ಕೆ ಎರಡು ಪಾಠಪರಂಪರೆಗಳು ಆರಂಭದಲ್ಲಿಯೇ ಏರ್ಪಡುತ್ತವೆ. ಈ ಉಪಾಯವನ್ನು ಎಲ್ಲ ತಂತ್ರಾಂಶಗಳೂ ಒಂದೇ ತೆರನಾಗಿ ಅನುಸರಿಸುವುದಿಲ್ಲ. ಆದರೂ ದುರ್ಬಲ ಸಂಪರ್ಕದವನಿಗೆ ಒರಟಾದ ಚಿತ್ರ ದೊರೆಯುವುದು ಸಾಮಾನ್ಯ.

ಇಲ್ಲಿ ಓಲೆಗರಿಗೂ ಪರದೆಗೂ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಓಲೆಗರಿಯ ವಿಷಯದಲ್ಲಿ ಮಾತೃಪ್ರತಿಯು ಸಾಮಾನ್ಯವಾಗಿ ನಷ್ಟವಾಗಿರುತ್ತದೆ. ಇಲ್ಲಿ ಅದು ಪ್ರದರ್ಶಕನ ಕಣ್ಣೆದುರಿಗೇ ಇದೆ. ಇದು ಅನುಕೂಲವೆಂದು ತೋರಿದರೂ ವಸ್ತುತಃ ತೊಡಕು. ಆತನು ನೋಡುತ್ತಿರುವುದು ಮೂಲವನ್ನೇ ಹೊರತು ಕಳುಹಿಸಿದ ಪ್ರತಿಯನ್ನಲ್ಲ. ಆದುದರಿಂದ ಪ್ರತಿಯ ವಿಷಯದಲ್ಲಿ ಸಾಕ್ಷಿ ನುಡಿಯಲು ಗೋಷ್ಠಿಯಲ್ಲೆಲ್ಲ ಆತನಷ್ಟು ಅನರ್ಹನು ಬೇರೊಬ್ಬನಿಲ್ಲ. ಹೀಗಿದ್ದರೂ "ಸ್ಪಷ್ಟವಾಗಿದೆ, ಅಲ್ಲವೇ?" ಎಂದು ಕೇಳುವವನು ಆತನೇ. ಒಬ್ಬರು "ಹೌದು ಸರ್" ಎನ್ನುತ್ತಾರೆ, ಉಳಿದವರು ಸುಮ್ಮನಿರುತ್ತಾರೆ, ಗೋಷ್ಠಿಯು ಮುಂದೆ ಸಾಗುತ್ತದೆ. ನಾವೂ ಅಂದು ಹಾಗೆಯೇ ಕೇಳಿದ್ದೆವು.

ಹಾಗಾದರೆ ಕೇಳತಕ್ಕ ಪ್ರಶ್ನೆ ಯಾವುದು? ದೋಷವು ಯಾರು ಯಾರಿಗೆ ಕಾಣುತ್ತಿದೆ, ಅವರೆಲ್ಲರಿಗೂ ಸಮಾನವಾದುದು ಏನು, ಎಂಬುದು. ಎಲ್ಲ ವೀಕ್ಷಕರಿಗೂ ಕಪ್ಪು ಪರದೆಯೇ ಕಂಡರೆ ತಪ್ಪು ಕವಲೊಡೆಯುವುದಕ್ಕೆ ಮುಂಚಿನದು. ಬಹುತೇಕ ಪ್ರದರ್ಶಕನ ಯಂತ್ರದಲ್ಲಿಯೇ ಇರುವುದು. ಆಗ ವೀಕ್ಷಕರಿಗೆ "ಹೊರಹೋಗಿ ಮತ್ತೆ ಬನ್ನಿ" ಎಂದು ಹೇಳುವುದು ಕಾಲಹರಣ. ಒಬ್ಬನಿಗೆ ಮಾತ್ರ ಕಾಣದಿದ್ದರೆ ತಪ್ಪು ಆತನ ಯಂತ್ರದ್ದು ಅಥವಾ ಆತನ ಸಂಪರ್ಕದ್ದು. ಆಗ ಪ್ರದರ್ಶಕನು ಹಂಚಿಕೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವುದರಿಂದ ಉಳಿದ ಒಂಬತ್ತು ಮಂದಿಗೆ ತೊಂದರೆಯೇ ಸರಿ. ಕೆಲವರಿಗೆ ಮಾತ್ರ ಕಾಣದಿದ್ದರೆ ಆ ಕೆಲವರು ಒಂದೇ ಕಾಲೇಜಿನ ನೆಟ್‌ವರ್ಕಿನಲ್ಲಿದ್ದಾರೆಯೇ, ಎಲ್ಲರೂ ಮೊಬೈಲಿನಲ್ಲಿದ್ದಾರೆಯೇ, ತಂತ್ರಾಂಶದ ಹಳೆಯ ಆವೃತ್ತಿಯನ್ನು ಉಳಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಬೇಕು. ಸಮಾನ ದೋಷವಿರುವವರನ್ನು ಒಟ್ಟುಗೂಡಿಸಿದರೆ ಕವಲು ತಾನಾಗಿ ಗೋಚರವಾಗುತ್ತದೆ.

ಮೂಲದಲ್ಲಿಯೇ ಸಂಭವಿಸುವ ದೋಷಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅತ್ಯಂತ ಹೆಚ್ಚು ಗೊಂದಲವನ್ನುಂಟುಮಾಡುವಂತಹವು ಇವೇ. ಆಪಲ್ ಕಂಪ್ಯೂಟರುಗಳಲ್ಲಿ ೨೦೧೯ರಲ್ಲಿ ಬಂದ ಕೆಟಲಿನಾ ಆವೃತ್ತಿಯಿಂದೀಚೆಗೆ, ಪರದೆಯನ್ನು ಸೆರೆಹಿಡಿಯಲು ಪ್ರತಿಯೊಂದು ತಂತ್ರಾಂಶಕ್ಕೂ ಬಳಕೆದಾರನು ಪ್ರತ್ಯೇಕವಾಗಿ ಅನುಮತಿ ಕೊಡಬೇಕು. ಕೊಡದಿದ್ದರೆ ನಡೆಯುವುದು ವಿಚಿತ್ರವಾಗಿದೆ: ಹಂಚಿಕೆಯು ನಡೆದಂತೆಯೇ ತೋರುತ್ತದೆ, ಆದರೆ ವೀಕ್ಷಕರಿಗೆ ಪರದೆಯ ಹಿನ್ನೆಲೆಯ ಚಿತ್ರವೊಂದೇ ಕಾಣುತ್ತದೆ, ಅದರ ಮೇಲೆ ತೆರೆದಿರುವ ಪುಟವು ಕಾಣುವುದಿಲ್ಲ. "ನಿಮ್ಮ ಪರದೆಯ ಮೇಲೆ ಬೆಟ್ಟದ ಚಿತ್ರವೊಂದೇ ಇದೆ ಸರ್" ಎಂದು ವಿದ್ಯಾರ್ಥಿಗಳು ಹೇಳಿದರೆ ಕಾರಣವು ಬಹುಶಃ ಇದೇ ಎಂದು ತಿಳಿಯಬಹುದು. ಯಂತ್ರದ ಸೆಟ್ಟಿಂಗ್ಸ್ ಒಳಗಿನ ಗೋಪ್ಯತೆಯ ವಿಭಾಗದಲ್ಲಿ ಅನುಮತಿ ಕೊಟ್ಟು, ತಂತ್ರಾಂಶವನ್ನು ಪೂರ್ಣವಾಗಿ ಮುಚ್ಚಿ ಮತ್ತೆ ತೆರೆಯಬೇಕು. ಮುಚ್ಚದೆ ಅನುಮತಿ ಮಾತ್ರ ಕೊಟ್ಟು, ಫಲಿಸಲಿಲ್ಲವೆಂದು ಬೇಸರಪಡುವವರನ್ನು ನಾವು ಹಲವು ಬಾರಿ ಕಂಡಿದ್ದೇವೆ.

ಉಬುಂಟು ಮುಂತಾದ ಲಿನಕ್ಸ್ ಯಂತ್ರಗಳಲ್ಲಿ ತೊಡಕು ಬೇರೆ ಬಗೆಯದು. ಹಳೆಯ ಎಕ್ಸ್ ಪದ್ಧತಿಯಲ್ಲಿ ಒಂದು ತಂತ್ರಾಂಶವು ಇನ್ನೊಂದರ ಕಿಟಕಿಯನ್ನು ತಡೆಯಿಲ್ಲದೆ ನೋಡಬಹುದಾಗಿತ್ತು. ಈಗ ಅದರ ಸ್ಥಾನಕ್ಕೆ ಬಂದಿರುವ ವೇಲ್ಯಾಂಡ್ ಪದ್ಧತಿಯು ಇದನ್ನು ಸುರಕ್ಷತೆಯ ದೃಷ್ಟಿಯಿಂದ ನಿಷೇಧಿಸಿ, ಮಧ್ಯವರ್ತಿಯೊಂದರ ಮೂಲಕ ಕೇಳಿ ಪಡೆಯಬೇಕೆಂದು ವಿಧಿಸಿದೆ. ಈ ಹೊಸ ಮರ್ಯಾದೆಯನ್ನು ಅರಿಯದ ಹಳೆಯ ತಂತ್ರಾಂಶಕ್ಕೆ ಕಪ್ಪು ಪರದೆಯೇ ಗತಿ. ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದು, ಅಥವಾ ಬ್ರೌಸರಿನ ಮೂಲಕ ಸಭೆಗೆ ಸೇರುವುದು, ಇದಕ್ಕೆ ಪರಿಹಾರ. ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಎರಡು ಚಿತ್ರಸಂಸ್ಕಾರಕಗಳಿದ್ದರೆ, ಒಂದು ಬಿಡಿಸಿದ ಕಿಟಕಿಯನ್ನು ಇನ್ನೊಂದು ಸೆರೆಹಿಡಿಯಲಾರದೆ ಕಪ್ಪು ಕಾಣುವುದುಂಟು. ತಂತ್ರಾಂಶದ ಸೆಟ್ಟಿಂಗ್ಸಿನಲ್ಲಿ ಹಾರ್ಡ್‌ವೇರ್ ಆಕ್ಸೆಲರೇಶನ್ ಎಂಬುದನ್ನು ನಿಲ್ಲಿಸಿದರೆ ಹಲವು ವೇಳೆ ಸರಿಹೋಗುತ್ತದೆ. ಹಕ್ಕುಸ್ವಾಮ್ಯದ ರಕ್ಷಣೆಯಿರುವ ಚಲನಚಿತ್ರವನ್ನು ಹಂಚಿದಾಗ ಕಪ್ಪು ಕಂಡರೆ ಅದು ದೋಷವಲ್ಲ, ಉದ್ದೇಶಪೂರ್ವಕವಾದುದು.

ಇನ್ನೊಂದು ಬಗೆಯಿದೆ, ಇದರಲ್ಲಿ ಯಂತ್ರದ ತಪ್ಪಿಲ್ಲ. ಪೂರ್ಣ ಪರದೆಯನ್ನು ಹಂಚುವುದು, ಒಂದೇ ಕಿಟಕಿಯನ್ನು ಹಂಚುವುದು, ಎಂದು ಎರಡು ಕ್ರಮಗಳುಂಟು. ಒಂದು ಕಿಟಕಿಯನ್ನು ಹಂಚಿ, ತರುವಾಯ ಬೇರೊಂದು ಕಡತವನ್ನು ತೆರೆದು ವಿವರಿಸತೊಡಗಿದರೆ ವೀಕ್ಷಕರು ಹಳೆಯ ಪುಟವನ್ನೇ ನೋಡುತ್ತ ಕುಳಿತಿರುತ್ತಾರೆ. ಹಂಚಿದ ಕಿಟಕಿಯನ್ನು ಕೆಳಗಿಳಿಸಿದರೂ ಚಿತ್ರವು ಸ್ತಬ್ಧವಾಗುವುದುಂಟು. ಹಂಚುವ ಗುಂಡಿಯೇ ಕಾಣದಿದ್ದರೆ ಸಭೆಯನ್ನು ಕರೆದವರು ಇತರರಿಗೆ ಪ್ರದರ್ಶನದ ಅಧಿಕಾರವನ್ನು ಕೊಟ್ಟಿಲ್ಲವೆಂದು ತಿಳಿಯಬೇಕು.

ದಾರಿಯ ದೋಷಗಳ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ನೇರಪ್ರಸಾರದ ಚಿತ್ರವನ್ನು ಸಾಮಾನ್ಯವಾಗಿ ಯುಡಿಪಿ ಎಂಬ ಕ್ರಮದಲ್ಲಿ ಕಳುಹಿಸುತ್ತಾರೆ. ಇದರಲ್ಲಿ ಕಳೆದುಹೋದ ತುಣುಕಿಗಾಗಿ ಉಳಿದವು ಕಾಯುವುದಿಲ್ಲ. ಕಾಲೇಜಿನ ಫೈರ್‌ವಾಲ್ ಇದನ್ನು ತಡೆದಿದ್ದರೆ ತಂತ್ರಾಂಶವು ಟಿಸಿಪಿ ಕ್ರಮಕ್ಕೆ ಇಳಿಯುತ್ತದೆ. ಅದರಲ್ಲಿ ಒಂದು ತುಣುಕು ತಪ್ಪಿದರೆ ಉಳಿದವುಗಳೆಲ್ಲ ಅದು ಬರುವವರೆಗೆ ನಿಲ್ಲಬೇಕಾದುದರಿಂದ ಚಿತ್ರವು ತಡೆತಡೆದು ಬರುತ್ತದೆ. ಒಂದೇ ಕಾಲೇಜಿನವರಿಗೆಲ್ಲ ಚಿತ್ರವು ನಿಂತು ನಿಂತು ಬರುತ್ತಿದ್ದರೆ ಅಲ್ಲಿನ ವ್ಯವಸ್ಥಾಪಕರಿಗೆ ಈ ಅಂಶವನ್ನು ತಿಳಿಸಬೇಕು. ಟೀಮ್ಸಿನ ಬಗ್ಗೆ ಹೇಳುವುದಾದರೆ ಯುಡಿಪಿ ೩೪೭೮ರಿಂದ ೩೪೮೧ರವರೆಗಿನ ಪೋರ್ಟುಗಳು ತೆರೆದಿರಬೇಕು.

ಇನ್ನು ನಮ್ಮ ೬ ಮತ್ತು ೯ರ ವಿಷಯ. ಚಿತ್ರವನ್ನು ಅಡಕಗೊಳಿಸುವ ವಿದ್ಯೆಯು ಮನುಷ್ಯನ ಕಣ್ಣಿನ ಒಂದು ಸ್ವಭಾವವನ್ನು ಆಶ್ರಯಿಸಿದೆ. ಬೆಳಕು ನೆರಳುಗಳ ಸೂಕ್ಷ್ಮ ವ್ಯತ್ಯಾಸವನ್ನು ಕಣ್ಣು ಚೆನ್ನಾಗಿ ಗುರುತಿಸುತ್ತದೆ. ಬಣ್ಣದ ಸೂಕ್ಷ್ಮ ವ್ಯತ್ಯಾಸವನ್ನು ಅಷ್ಟಾಗಿ ಗುರುತಿಸುವುದಿಲ್ಲ. ಆದುದರಿಂದ ಬೆಳಕಿನ ಪ್ರಮಾಣವನ್ನು ಚಿತ್ರದ ಪ್ರತಿಯೊಂದು ಬಿಂದುವಿಗೂ ದಾಖಲಿಸಿ, ಬಣ್ಣವನ್ನು ನಾಲ್ಕು ಬಿಂದುಗಳಿಗೆ ಒಂದರಂತೆ ಮಾತ್ರ ದಾಖಲಿಸುವುದು ರೂಢಿಯಾಗಿದೆ. ಬಿಳಿಯ ಕಾಗದದ ಮೇಲಿನ ಕಪ್ಪು ಅಕ್ಷರಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಕಂದಿದ ಕಾಗದದ ಮೇಲಿನ ಮಾಸಿದ ನೀಲಿ ಮಸಿಯಲ್ಲಿ ಅಕ್ಷರವನ್ನು ಕಾಗದದಿಂದ ಬೇರ್ಪಡಿಸುವುದು ಬೆಳಕಿಗಿಂತ ಹೆಚ್ಚಾಗಿ ಬಣ್ಣವೇ. ಆ ಬಣ್ಣವನ್ನು ಒರಟಾಗಿ ದಾಖಲಿಸಿದರೆ ಅಂಕೆಯ ಅಂಚು ಹರಡಿಕೊಳ್ಳುತ್ತದೆ. ೬ಕ್ಕೂ ೯ಕ್ಕೂ ಇರುವ ಅಂತರವಾದರೋ ಒಂದು ಚಿಕ್ಕ ತಿರುವಿನದು.

ಕನ್ನಡ ಲಿಪಿಗೆ ಇದರಿಂದ ಒದಗುವ ಅಪಾಯವು ಅಂಕೆಗಳಲ್ಲಿಗೆ ಮುಗಿಯುವುದಿಲ್ಲ. ದಕಾರ ಧಕಾರಗಳನ್ನೂ, ಡಕಾರ ಢಕಾರಗಳನ್ನೂ, ಪಕಾರ ಫಕಾರಗಳನ್ನೂ ಬೇರ್ಪಡಿಸುವುದು ಕೆಳಗಣ ಒಂದು ಸಣ್ಣ ಸೀಳು ಅಥವಾ ಗೆರೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು. ಚಿತ್ರವು ಮಂಕಾದಾಗ ಮೊದಲು ಅಳಿಸಿಹೋಗುವುವು ಇವೇ. ಓದುವವನಿಗೆ ಉಳಿಯುವ ಅಕ್ಷರವು ಅಸಂಬದ್ಧವಾಗಿರದೆ ಮತ್ತೊಂದು ಸರಿಯಾದ ಅಕ್ಷರವೇ ಆಗಿರುವುದರಿಂದ ತಪ್ಪಾಯಿತೆಂಬ ಅನುಮಾನವೂ ಹುಟ್ಟುವುದಿಲ್ಲ. ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ಬರೆದ ಲಿಪಿಕಾರರನ್ನು ನಾವು ಸುಲಭವಾಗಿ ಹಳಿಯುತ್ತೇವೆ. ಯಂತ್ರವೂ ಅದೇ ಕೆಲಸವನ್ನು ಮಾಡಬಲ್ಲದು.

ಇದಲ್ಲದೆ ಸಂಪರ್ಕವು ಕ್ಷೀಣಿಸಿದಾಗ ತಂತ್ರಾಂಶವು ಯಾವುದಾದರೂ ಒಂದನ್ನು ಬಿಡಲೇಬೇಕು: ಚಲನೆಯ ಸರಾಗತೆಯನ್ನು ಬಿಡಬೇಕು, ಇಲ್ಲವೇ ಚಿತ್ರದ ಸ್ಫುಟತೆಯನ್ನು ಬಿಡಬೇಕು. ವಿಡಿಯೋಗೆ ಅನುಕೂಲಿಸು ಎಂಬ ಅರ್ಥದ ಆಯ್ಕೆಯು ಟೀಮ್ಸ್, ಝೂಮ್ ಮುಂತಾದವುಗಳಲ್ಲಿದೆ. ಹಿಂದೊಮ್ಮೆ ಸಾಕ್ಷ್ಯಚಿತ್ರವನ್ನು ತೋರಿಸಲು ಅದನ್ನು ಆರಿಸಿ, ಅನಂತರ ಹಸ್ತಪ್ರತಿಯನ್ನು ತೋರಿಸುವಾಗ ಹಾಗೆಯೇ ಬಿಟ್ಟರೆ, ಯಂತ್ರವು ಚಲನೆಯಿಲ್ಲದ ಪುಟದಲ್ಲಿಯೂ ಚಲನೆಯನ್ನೇ ಕಾಪಾಡಲು ಹೋಗಿ ಅಕ್ಷರಗಳನ್ನು ಬಲಿಗೊಡುತ್ತದೆ. ಪುಟವನ್ನು ಸರಿಸಿದ ಕೂಡಲೆ ಬರುವ ಚಿತ್ರವು ಮಂಕಾಗಿದ್ದು, ಕೆಲವು ಕ್ಷಣಗಳ ತರುವಾಯ ತಿಳಿಯಾಗುವುದನ್ನೂ ಗಮನಿಸಬೇಕು. ಓದುವವರು ಪುಟವನ್ನು ನಿಲ್ಲಿಸಿ ಕಾಯದೆ ಮೇಲೆ ಕೆಳಗೆ ಎಳೆದಾಡುತ್ತಿದ್ದರೆ ದುರ್ಬಲ ಸಂಪರ್ಕದವರಿಗೆ ತಿಳಿಯಾದ ಚಿತ್ರವು ಎಂದಿಗೂ ಸಿಕ್ಕುವುದಿಲ್ಲ.

ವಿದ್ಯಾರ್ಥಿನಿಯ ಚಿತ್ರವನ್ನು ಕಂಡ ಮೇಲೆ ಅದೇ ಪುಟವನ್ನು ಮತ್ತೆ ಗೋಷ್ಠಿಯಲ್ಲಿ ಹಂಚಿ, ಮಾತನಾಡದೆ ತಮಗೆ ಕಂಡ ಅಂಕೆಯನ್ನು ಪ್ರತಿಯೊಬ್ಬರೂ ಬರೆದು ಕಳುಹಿಸಬೇಕೆಂದು ಕೇಳಿಕೊಂಡೆವು. ಕಾಲೇಜಿನ ಸಂಪರ್ಕದಲ್ಲಿದ್ದ ಏಳು ಮಂದಿಯೂ ೬ ಎಂದು ಬರೆದರು. ಮೊಬೈಲ್ ಸಂಪರ್ಕದಲ್ಲಿ ಬೇರೆ ಬೇರೆ ಊರುಗಳಲ್ಲಿದ್ದ ಮೂವರಲ್ಲಿ ಇಬ್ಬರು ೯ ಎಂದರು, ಮೂರನೆಯವರು ಓದಲಾಗುವುದಿಲ್ಲವೆಂದರು. ಮರುದಿನ ಆಕೆ ಕಾಲೇಜಿಗೆ ಬಂದಾಗ ಅದೇ ಮೊಬೈಲನ್ನು ಇಲ್ಲಿನ ವೈಫೈಗೆ ಸೇರಿಸಿ ನೋಡಲು ೬ ಎಂದೇ ಕಂಡಿತು. ಯಂತ್ರವು ನಿರ್ದೋಷಿ, ಓದಿದ ಕಣ್ಣೂ ನಿರ್ದೋಷಿ. ದೋಷವು ಆ ಕವಲಿನದು. ಆಕೆಯ ಕ್ಷಮೆಯನ್ನು ಆಕ್ಷೇಪಿಸಿದ ಸ್ಥಳದಲ್ಲಿಯೇ, ಅಂದರೆ ಗೋಷ್ಠಿಯಲ್ಲಿಯೇ, ಕೇಳಿದೆವು.

ಅಂದಿನಿಂದ ನಮ್ಮ ವಿಭಾಗದಲ್ಲಿ ಕೆಲವು ಮಾರ್ಪಾಡುಗಳಾಗಿವೆ. ಪ್ರದರ್ಶಕರು ಎರಡನೆಯ ಮೊಬೈಲೊಂದರಿಂದ, ಕಾಲೇಜಿನ ವೈಫೈ ಬಿಟ್ಟು ಮೊಬೈಲ್ ಸಂಪರ್ಕದಲ್ಲಿ, ಅದೇ ಸಭೆಗೆ ವೀಕ್ಷಕರಾಗಿಯೂ ಸೇರುತ್ತಾರೆ. ತಾವು ಕಳುಹಿಸಿದ ಪ್ರತಿಯನ್ನು ತಾವೇ ನೋಡಲು ಇದೊಂದೇ ದಾರಿ. (ಅದರ ಮೈಕನ್ನೂ ಸ್ಪೀಕರನ್ನೂ ಮುಚ್ಚಿರಬೇಕು, ಇಲ್ಲದಿದ್ದರೆ ಪ್ರತಿಧ್ವನಿಯು ಗೋಷ್ಠಿಯನ್ನೇ ಕೆಡಿಸುತ್ತದೆ.) ಪುಟವನ್ನು ವೀಕ್ಷಕರು ಹಿಗ್ಗಿಸಿಕೊಳ್ಳಲೆಂದು ಬಿಡದೆ, ಒಮ್ಮೆಗೆ ಮೂರು ನಾಲ್ಕು ಸಾಲುಗಳಷ್ಟೇ ಕಾಣುವಂತೆ ಮೂಲದಲ್ಲಿಯೇ ಹಿಗ್ಗಿಸುತ್ತೇವೆ, ಕಳುಹಿಸಿದ ಮೇಲೆ ಹಿಗ್ಗಿಸಿದರೆ ಮಂಕು ಹಿಗ್ಗುತ್ತದೆಯೇ ಹೊರತು ಅಕ್ಷರವಲ್ಲ. ಮಾಸಿದ ಮಸಿಯ ಪುಟಗಳನ್ನು ಕಪ್ಪು ಬಿಳುಪಿಗೆ ಪರಿವರ್ತಿಸಿ, ಮಸಿ ಕಾಗದಗಳ ಅಂತರವನ್ನು ಹೆಚ್ಚಿಸಿ ತೋರಿಸುತ್ತೇವೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಓದಬೇಕಾದ ಪುಟಗಳ ಕಡತವನ್ನು ಗೋಷ್ಠಿಗೆ ಮುಂಚೆಯೇ ಎಲ್ಲರಿಗೂ ಸಂದೇಶದಲ್ಲಿ ಕಳುಹಿಸುತ್ತೇವೆ. ಕಡತವು ತಡವಾಗಿಯಾದರೂ ಒಂದು ಬಿಂದುವೂ ಕೆಡದೆ ತಲಪುತ್ತದೆ. ಹಂಚಿದ ಪರದೆಯು ಎಲ್ಲಿ ಓದುತ್ತಿದ್ದೇವೆಂದು ಬೆರಳಿಟ್ಟು ತೋರಿಸುವುದಕ್ಕೆ ಮಾತ್ರ, ಪಾಠನಿರ್ಣಯವು ಕಡತದಿಂದ.

"ಸ್ಪಷ್ಟವಾಗಿದೆ, ಅಲ್ಲವೇ?" ಎಂದು ಕೇಳುವುದನ್ನು ನಿಲ್ಲಿಸಿ, ಪ್ರತಿ ಪುಟಕ್ಕೂ ದೂರದ ಇಬ್ಬರಿಂದ ಒಂದು ಸಾಲನ್ನು ಓದಿಸುತ್ತೇವೆ. ಕಳೆದ ತಿಂಗಳು ಇನ್ನೊಂದು ಶಾಸನದಲ್ಲಿ ನಾವು ಧಕಾರವೆಂದು ಓದಿ ಮುಂದೆ ಸಾಗಿದಾಗ, ಅದೇ ವಿದ್ಯಾರ್ಥಿನಿ ನಡುವೆ ತಡೆದು, "ಸರ್, ನನ್ನ ಪರದೆಯಲ್ಲಿ ದಕಾರವಿದೆ, ಕಡತದಲ್ಲಿಯೂ ದಕಾರವೇ ಇದೆ" ಎಂದಳು. ಕಡತವನ್ನು ತೆರೆದು ನೋಡಿದೆವು. ಈ ಬಾರಿ ತಪ್ಪು ಓದಿದವರು ನಾವಾಗಿದ್ದೆವು.